ಸಂಯಮದ ಅಂಕಕ್ಕೆ ಯಾವ ಟೆಸ್ಟ್?

‘ಡೇಟಾ ಎಲ್ಲ ರೆಡಿ ಇದೆ, ಯಾವ ಸ್ಟ್ಯಾಟಿಸ್ಟಿಕ್ಸ್ ಟೆಸ್ಟ್ ಹಾಕಲಿ?’ ಹಾಸನದಲ್ಲಿ ಮನಃಶಾಸ್ತ್ರ ಓದುವ ಹುಡುಗ ಹುಡುಗಿಯರು ಪ್ರಾಜೆಕ್ಟ್ ಒಪ್ಪಿಸುವ ವಾರ ಕೇಳುವ ಪ್ರಶ್ನೆ ಇದು. ಒಗ್ಗರಣೆ ಹಾಕಿದ ಮೇಲೆ ಮಾಡಿದ್ದು ಸಾರೋ ಹುಳಿಯೋ ಅಂತ ಕೇಳಿದ ಹಾಗೆ. ಟೆಸ್ಟ್ ಯಾವುದು ಅನ್ನುವುದು ಫಾರಂ ಹಂಚುವ ಮೊದಲೇ ಗೊತ್ತಿರಬೇಕು.

ಮೊದಲು ಪ್ರಶ್ನೆ

ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಹಾಸ್ಟೆಲಿನಲ್ಲಿ ಇರುವವರಿಗೂ, ಆಲೂರು, ಬೇಲೂರು, ಅರಕಲಗೂಡಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರಿಗೂ ಆತ್ಮಸಂಯಮದಲ್ಲಿ ವ್ಯತ್ಯಾಸ ಇದೆಯೇ? ಇಲ್ಲಿ ಬೇರೆ ಬೇರೆ ಜನರ ಎರಡು ಗುಂಪು, ತಲೆಗೊಂದು ಅಂಕ. ಹಾಗಾದರೆ ಎರಡು ಸರಾಸರಿಗಳನ್ನು ಹೋಲಿಸುವ ಟಿ ಟೆಸ್ಟ್. ಅದರಲ್ಲೂ ವೆಲ್ಚ್ ಅವರ ಟಿ ಟೆಸ್ಟ್ ವಾಸಿ. ಎರಡೂ ಗುಂಪಿನ ಏರಿಳಿತ ಒಂದೇ ಸಮ ಇರಬೇಕು ಅಂತ ಅದು ಹಟ ಹಿಡಿಯುವುದಿಲ್ಲ. (ಈ ‘ಟಿ’ಗೂ ಚಹಾಕ್ಕೂ ನಂಟಿಲ್ಲ. ಟೆಸ್ಟ್ ಹುಟ್ಟಿದ್ದು ಬಿಯರ್‌ನಿಂದ. ಗಿನ್ನೆಸ್ ಕಂಪನಿಯ ನೌಕರ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಅದನ್ನು ಪ್ರಕಟಿಸಿದರು.)

ಅದೇ ಜನರನ್ನು ಹಾಸನಾಂಬ ದೇವಿಯ ಬಾಗಿಲು ತೆರೆಯುವ ಮುಂಚೆ ಒಮ್ಮೆ, ಜಾತ್ರೆಯ ಗದ್ದಲದ ನಡುವೆ ಇನ್ನೊಮ್ಮೆ ಕೇಳಿದರೆ ಜೋಡಿ ಟಿ ಟೆಸ್ಟ್. ಮೂರು ಗುಂಪು ಇದ್ದರೆ ಅನೋವಾ, ಅಂದರೆ ಎಲ್ಲ ಸರಾಸರಿಗಳನ್ನೂ ಒಟ್ಟಿಗೆ ಹೋಲಿಸುವ ಟೆಸ್ಟ್. ಸುಮ್ನೆ ಮೂರು ಟಿ ಟೆಸ್ಟ್ ಹಾಕಿದರೆ ಇಲ್ಲದ ವ್ಯತ್ಯಾಸ ಇದ್ದಂತೆ ಕಾಣುವ ಅಪಾಯ ಜಾಸ್ತಿಯಾಗುತ್ತದೆ. ಸಂಯಮದ ಅಂಕಕ್ಕೂ ಫೋನ್ ನೋಡುವ ಗಂಟೆಗೂ ನಂಟು ಹುಡುಕುವುದಾದರೆ ಕೋರಿಲೇಶನ್. ಫೋನಿನ ಗಂಟೆಗಳಲ್ಲಿ ನಾಲ್ಕೈದು ಜನ ವಿಪರೀತದವರು ಇದ್ದೇ ಇರುತ್ತಾರೆ. ಅಲ್ಲಿ ಸಾಮಾನ್ಯವಾಗಿ ಬಳಸುವ ಪಿಯರ್ಸನ್ ಕೋರಿಲೇಶನ್ ಬದಲು, ಯಾರು ಮುಂದೆ ಯಾರು ಹಿಂದೆ ಎಂಬ ಕ್ರಮವನ್ನಷ್ಟೇ ನೋಡುವ ಸ್ಪಿಯರ್‌ಮನ್ ಹಾಕಿ.

ಅಂಕ ತಿರುಗಿಸಿದಿರಾ?

ಜಾಸ್ತಿ ಜನ ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ. ಸಂಯಮ ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಟ್ಯಾಂಗ್ನಿ, ಬೌಮೈಸ್ಟರ್ ಮತ್ತು ಬೂನ್ 2004ರಲ್ಲಿ ಪ್ರಕಟಿಸಿದ ಅಳತೆಪಟ್ಟಿ. ಅದರ ಚಿಕ್ಕ ರೂಪದಲ್ಲಿ 13 ಹೇಳಿಕೆಗಳಿವೆ. ಒಂದೊಂದಕ್ಕೂ 1ರಿಂದ 5 ಅಂಕ, ಒಟ್ಟು 13ರಿಂದ 65. ಆದರೆ 13ರಲ್ಲಿ 9 ಹೇಳಿಕೆಗಳು ಉಲ್ಟಾ. ‘ನಾನು ಸೋಮಾರಿ’ ಅನ್ನುವುದಕ್ಕೆ 5 ಕೊಟ್ಟವನ ಸಂಯಮ ಕಡಿಮೆ ಅಲ್ವಾ? ಅಂಥ ಅಂಕವನ್ನು 6ರಿಂದ ಕಳೆಯಬೇಕು. 5 ಇದ್ದದ್ದು 1 ಆಗುತ್ತದೆ, 2 ಇದ್ದದ್ದು 4.

ನನ್ನ ಮೊದಲ ಪ್ರಾಜೆಕ್ಟಿನಲ್ಲಿ ಇದನ್ನು ಮರೆತಿದ್ದೆ. ಸಂಯಮ ಜಾಸ್ತಿ ಇದ್ದವರೇ ಫೋನ್ ಜಾಸ್ತಿ ನೋಡುತ್ತಾರೆ ಅಂತ ಬಂತು. ಅದಕ್ಕೆ ಕಾರಣ ಹುಡುಕಿ ಒಂದು ಪುಟ ವಿವರಣೆಯನ್ನೂ ಬರೆದುಬಿಟ್ಟಿದ್ದೆ! ಕ್ರೋನ್‌ಬಾಕ್ ಆಲ್ಫಾ ನೋಡಿದ್ದರೆ ಅವತ್ತೇ ಸಿಕ್ಕಿಬೀಳುತ್ತಿದ್ದೆ. ಹೇಳಿಕೆಗಳೆಲ್ಲ ಒಂದೇ ದಿಕ್ಕಿಗೆ ಎಳೆಯುತ್ತಿವೆಯೇ ಅಂತ ಅದು ತೋರಿಸುತ್ತದೆ. ಆಲ್ಫಾ ತೀರಾ ಕಡಿಮೆ ಬಂದರೆ, ಒಂದೆರಡು ಹೇಳಿಕೆ ಉಳಿದವುಗಳ ವಿರುದ್ಧ ಓಡುತ್ತಿದ್ದರೆ, ಮೊದಲು ತಿರುಗಿಸಿದ ಅಂಕಗಳನ್ನು ನೋಡಿ.

ಕಣ್ಣಿನಿಂದ ನೋಡಿ

5ರ ಜಾಗದಲ್ಲಿ 55 ಅಂತ ಟೈಪ್ ಆಗಿರಬಹುದು. ಯಾವ ಅಂಕ ಎಷ್ಟು ಜನರಿಗೆ ಬಂದಿದೆ ಅಂತ ಕಂಬಗಳಲ್ಲಿ ತೋರಿಸುವ ಹಿಸ್ಟೋಗ್ರಾಮ್ ಬರೆದರೆ ತಕ್ಷಣ ಕಾಣುತ್ತದೆ. ಗಂಟೆಯಾಕಾರ ಸ್ವಲ್ಪ ಸೊಟ್ಟಗಿದ್ದರೆ ಗಾಬರಿ ಬೇಡ, ಗುಂಪು ದೊಡ್ಡದಿದ್ದರೆ ಟಿ ಟೆಸ್ಟ್ ತಡೆದುಕೊಳ್ಳುತ್ತದೆ. ಹಾಸ್ಟೆಲಿನ ಒಂದೇ ರೂಮಿನ ನಾಲ್ವರು ಒಟ್ಟಿಗೆ ಕೂತು, ಒಬ್ಬರದನ್ನೊಬ್ಬರು ನೋಡಿ ಫಾರಂ ತುಂಬಿದ್ದರೆ ಮಾತ್ರ ಕಷ್ಟ. ಅವು ನಾಲ್ಕು ಉತ್ತರ ಅಲ್ಲ, ಒಂದೂವರೆ ಅನ್ನಬಹುದು.

ಎಷ್ಟು ಜನ ಬೇಕು? ಮಧ್ಯಮ ಗಾತ್ರದ ವ್ಯತ್ಯಾಸವನ್ನು, ಅಂದರೆ ಕೋಹೆನ್ ಡಿ (ಸರಾಸರಿಗಳ ಅಂತರವನ್ನು ಅಂಕಗಳ ಚದುರುವಿಕೆಯಿಂದ ಭಾಗಿಸಿದ್ದು) 0.5 ಇರುವುದನ್ನು, 80% ಖಾತರಿಯಿಂದ ಹಿಡಿಯಲು ಗುಂಪಿಗೆ 64 ಜನ. ಗುಂಪಿಗೆ 15 ಜನರನ್ನು ಇಟ್ಟುಕೊಂಡು ‘ವ್ಯತ್ಯಾಸ ಇಲ್ಲ’ ಅಂತ ತೀರ್ಪು ಕೊಡಬೇಡಿ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ತಾರೀಕು ಹಾಕಿ, ಗೈಡ್‌ಗೆ ಮೊದಲೇ ಕಳಿಸಿ. ಆಮೇಲೆ ಪಿ ಬೆಲೆ (ಸಾಮಾನ್ಯವಾಗಿ 0.05ಕ್ಕಿಂತ ಕಡಿಮೆ ಇರಲಿ ಅಂತ ಬಯಸುವ ಸಂಖ್ಯೆ, ಅರ್ಥ ಮುಂದೆ ಇದೆ) 0.06 ಬಂದಾಗ ‘ಇವನೊಬ್ಬನನ್ನು ತೆಗೆದು ನೋಡೋಣ’ ಅನ್ನುವ ಚಪಲ ಯಾರಿಗೂ ಬರುತ್ತದೆ, ಆ ಹಾಳೆ ಅದನ್ನು ತಡೆಯುತ್ತದೆ. ಸಂಯಮ ಬಳಸಿದಷ್ಟೂ ಖಾಲಿಯಾಗುತ್ತದೆ ಎಂಬ 1998ರ ಹೆಸರಾಂತ ವಾದವನ್ನೇ ನೋಡಿ. 2016ರಲ್ಲಿ 23 ಲ್ಯಾಬ್‌ಗಳು ಮೊದಲೇ ಯೋಜನೆ ಬರೆದಿಟ್ಟು, 2,000ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದಾಗ ಪರಿಣಾಮ ಹೆಚ್ಚುಕಡಿಮೆ ಸೊನ್ನೆಗೆ ಬಂತು.

ಓಡಿಸುವುದು

ಇದು ಹತ್ತು ನಿಮಿಷದ ಕೆಲಸ. ಜಮೋವಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಎಕ್ಸೆಲ್ ಹಾಳೆಯನ್ನು ಸಿಎಸ್‌ವಿ ಮಾಡಿ ತೆರೆಯಿರಿ. ಟಿ ಟೆಸ್ಟ್ಸ್ ಮೆನುವಿನಲ್ಲಿ ಇಂಡಿಪೆಂಡೆಂಟ್ ಸ್ಯಾಂಪಲ್ಸ್ ಆರಿಸಿ. ಡಿಪೆಂಡೆಂಟ್ ಜಾಗಕ್ಕೆ ಅಂಕ, ಗ್ರೂಪಿಂಗ್ ಜಾಗಕ್ಕೆ ಗುಂಪು. ವೆಲ್ಚ್, ಎಫೆಕ್ಟ್ ಸೈಜ್ (ಕೋಹೆನ್ ಡಿ), ಸರಾಸರಿ ವ್ಯತ್ಯಾಸ, ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿಯ ಅಂದಾಜು) ಇವಕ್ಕೆ ಟಿಕ್ ಮಾಡಿ.

ಲೆಕ್ಕಕ್ಕೆ ಅಂತ ಹೀಗೆ ಊಹಿಸಿಕೊಳ್ಳಿ: ಗುಂಪಿಗೆ 64 ಜನ, ಹಾಸ್ಟೆಲಿನ ಸರಾಸರಿ 41, ಮನೆಯಿಂದ ಬರುವವರದು 44, ಎರಡರಲ್ಲೂ ಪ್ರಮಾಣಿತ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 8. ಆಗ ಟಿ(126) = 2.12 (126 ಅಂದರೆ ಒಟ್ಟು 128 ಜನರಿಂದ 2 ಗುಂಪು ಕಳೆದದ್ದು), ಪಿ = 0.036, ಡಿ ಸುಮಾರು 0.38. ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ನೂರರಲ್ಲಿ ಮೂರು ನಾಲ್ಕು ಸಲ ಮಾತ್ರ ಬರುತ್ತದೆ ಎಂದಷ್ಟೇ ಪಿ ಹೇಳುವುದು. ನಿಮ್ಮ ಊಹೆ 96% ಸರಿ ಅಂತ ಅಲ್ಲ. 95% ಇಂಟರ್ವಲ್ 0.2ರಿಂದ 5.8 ಅಂಕ. ವ್ಯತ್ಯಾಸ ಇದ್ದೂ ಇಲ್ಲದಂತೆಯೂ ಇರಬಹುದು, ದೊಡ್ಡದೂ ಇರಬಹುದು. ಪಿ ಜೊತೆ ಇದನ್ನೂ ಬರೆಯಿರಿ.

ಹಾಸ್ಟೆಲ್ ಸೇರಿದ್ದಕ್ಕೇ ಸಂಯಮ ಕಡಿಮೆಯಾಯಿತು ಅಂತ ಮಾತ್ರ ಬರೆಯಬೇಡಿ. ಯಾರು ಹಾಸ್ಟೆಲ್ ಸೇರಬೇಕು ಅಂತ ನೀವು ಚೀಟಿ ಎತ್ತಿರಲಿಲ್ಲವಲ್ಲ. ವೈವಾದಲ್ಲಿ ಮೊದಲು ಬೀಳುವ ಪ್ರಶ್ನೆ ಅದೇ.