ಪ್ರಳಯಕ್ಕೆಂದು ಕೂಡಿಟ್ಟ ಬೇಳೆಗೆ ಹುಳ ಬಿತ್ತು

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಅಂದಾಗ ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದೆ. ಮರುದಿನ ಅಂಗಡಿ ಮುಂದಿನ ಸಾಲು ನೋಡಿ ಹೆದರಿಬಿಟ್ಟೆ. ಎರಡು ತಿಂಗಳಲ್ಲಿ ಶಿರಾ ಕಡೆಯ ನಮ್ಮೂರಿಗೆ ಬಂದೆ. ಯಾರ ಹಂಗೂ ಇಲ್ಲದೆ ಬದುಕಬೇಕು ಅನ್ನೋ ಹಟ.

ಮೊದಲು ಮಾಡಿದ್ದೇ ತಪ್ಪು. 100 ಕೆಜಿ ಅಕ್ಕಿ, 40 ಕೆಜಿ ತೊಗರಿಬೇಳೆ ತಂದು ಕೋಣೆಯಲ್ಲಿ ಪೇರಿಸಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಎರಡಕ್ಕೂ ಹುಳ. ಪಕ್ಕದ ಮನೆ ಅಜ್ಜಿ ಬಂದು ನೋಡಿ, "ರಾಗಿ ಇಡೋದು ಬಿಟ್ಟು ಇದನ್ಯಾಕೆ ಇಟ್ಟೆ ಮಗಾ?" ಅಂದರು. ಚೆನ್ನಾಗಿ ಒಣಗಿಸಿದ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಕಾಳು ಅಷ್ಟು ಸಣ್ಣದು, ಹುಳಕ್ಕೆ ಒಳಗೆ ಜಾಗವೇ ಇಲ್ಲ.

ಹಗೇವಿನ ಕಥೆ ಹೇಳಿದ್ದೂ ಅವರೇ. ನೆಲದೊಳಗೆ ಹೂಜಿಯಂತೆ ತೋಡಿದ ಗುಂಡಿ, ಅದರ ತುಂಬ ರಾಗಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಒಳಗೆ ಕೆಟ್ಟ ಗಾಳಿ. ಮೊದಲು ದೀಪ ಇಳಿಬಿಡುವುದು. ಆರಿದರೆ ಕಾಯಬೇಕು. ಬರ ಕಂಡ ಸೀಮೆ ಇದು. ನಾನು ಮೊಬೈಲಿನಲ್ಲಿ ಹುಡುಕಿ ಕಲಿಯುತ್ತಿದ್ದದ್ದನ್ನು ಇಲ್ಲಿನವರು ಯಾವಾಗಲೋ ಮಾಡಿ ಮುಗಿಸಿದ್ದರು.

ಮೊದಲ ವರ್ಷ ಅರ್ಧ ಎಕರೆಯಲ್ಲಿ ರಾಗಿ, ನಡುವೆ ಅಕ್ಕಡಿ ಸಾಲಿಗೆ ಅವರೆ. ನಾಲ್ಕು ಕ್ವಿಂಟಾಲ್ ಬಂತು. ನಾಲ್ಕು ಜನರಿಗೆ ದಿನಕ್ಕೆ ಒಂದು ಕೆಜಿ ಅಂದರೂ ವರ್ಷ ದಾಟುತ್ತದೆ. ಗೆದ್ದೆ ಅಂದುಕೊಂಡೆ. 2021ರ ನವೆಂಬರ್‌ನಲ್ಲಿ ಬಿಡದೆ ಮಳೆ ಹಿಡಿಯಿತು. ಕೊಯ್ಲಿಗೆ ಬಂದ ಪೈರು ಮಲಗಿತು, ತೆನೆಯಲ್ಲೇ ಮೊಳಕೆ. ಮೂರು ದಿನ ಕರೆಂಟಿಲ್ಲ. ಆ ವರ್ಷ ಉಂಡಿದ್ದು ಹಿಂದಿನ ವರ್ಷದ ರಾಗಿ, ಜೊತೆಗೆ ಅಜ್ಜಿ ಕೊಟ್ಟ ಒಂದು ಮೂಟೆ. ಯಾರ ಹಂಗೂ ಬೇಡ ಅಂದವನು ನಾನೇ ಅಲ್ವಾ!

ನೀರಿನ ವಿಷಯದಲ್ಲಿ ಮಾತ್ರ ದುಡ್ಡು ಹಾಕಿದ್ದಕ್ಕೆ ಬೇಜಾರಿಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ತಾರಸಿ 80 ಚದರ ಮೀಟರ್. 25 ಮಿಲಿಮೀಟರ್‌ನ ಒಂದು ಒಳ್ಳೆ ಮಳೆಗೆ 2,000 ಲೀಟರ್, ಸೋರಿದ್ದು ಚೆಲ್ಲಿದ್ದು ಕಳೆದರೂ 1,600ಕ್ಕೆ ಮೋಸವಿಲ್ಲ. ಮೊದಲ ಮಳೆಯ ನೀರು ಹೊರಗೆ ಬಿಡಬೇಕು, ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ. 10,000 ಲೀಟರ್ ಸಂಪು ಕಟ್ಟಿಸಿದೆ. ಕುಡಿಯಲು, ಅಡುಗೆಗೆ ಮಾತ್ರ ದಿನಕ್ಕೆ 40 ಲೀಟರ್ ಬಳಸಿದರೆ 250 ದಿನ. 2023ರ ಬರದಲ್ಲಿ ಬೋರ್‌ವೆಲ್ ಕೈಕೊಟ್ಟಾಗ ಈ ಲೆಕ್ಕ ಹೆಚ್ಚುಕಡಿಮೆ ಸರಿಯಾಗೇ ನಡೆಯಿತು.

ಸೋಲಾರ್ ಬಗ್ಗೆ ಜಾಸ್ತಿ ಹೇಳಲ್ಲ. ದೀಪ, ಫ್ಯಾನು, ಮೊಬೈಲಿಗೆ ಸಾಕು. ಬ್ಯಾಟರಿ ಸತ್ತರೆ ಮತ್ತೆ ಅಂಗಡಿಗೇ ಹೋಗಬೇಕು.

ಪ್ರಪಂಚ ಮುಳುಗಿದರೆ ನನ್ನ ತಯಾರಿ ಏನಕ್ಕೂ ಸಾಲದು. ಉಪ್ಪು ಬೆಳೆಯಲು ಬರುವುದಿಲ್ಲ, ಅಪ್ಪನ ಬಿ.ಪಿ. ಮಾತ್ರೆಯೂ ಅಷ್ಟೇ. ಆದರೆ ಹದಿನೈದು ದಿನದ ಕಷ್ಟಕ್ಕೆ, ಒಂದು ಕೆಟ್ಟ ಬೆಳೆಗೆ, ಒಂದು ಬತ್ತಿದ ಬೋರಿಗೆ ಸಾಕು. ಇಷ್ಟು ವರ್ಷದಲ್ಲಿ ನನಗೆ ಬಂದದ್ದೂ ಅವೇ ಕಷ್ಟಗಳು.

ನಿನ್ನೆ ಕೋಣೆ ಲೆಕ್ಕ ಹಾಕಿದೆ. ರಾಗಿ ಮೂರು ಮೂಟೆ, ಹುರುಳಿ ಅರ್ಧ ಮೂಟೆ, ಉಪ್ಪು ಹತ್ತು ಕೆಜಿ. ಮಾತ್ರೆ ಎಂಟೇ ದಿನಕ್ಕಿದೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಶಿರಾಕ್ಕೆ ಹೋಗಬೇಕು.