ಆಪ್‌ನ ದೊಡ್ಡ ಅಪ್‌ಗ್ರೇಡ್‌ಗೆ ದುಡ್ಡು ಕೇಳುವುದು ಹೇಗೆ?

ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಿಗೆ ನಾನು ಐಫೋನ್ ಬಿಲ್ಲಿಂಗ್ ಆಪ್ ಮಾಡಿ ಮಾರುತ್ತೇನೆ. ಅಪ್‌ಗ್ರೇಡ್ ಅಂದರೆ ಮಾಲೀಕರು ಕೇಳುವುದು ಒಂದೇ: "ಒಂದ್ಸಲ ಕೊಟ್ಟಾಯ್ತಲ್ಲ ಸಾರ್, ಮತ್ತೆ ಯಾಕೆ?" ನ್ಯಾಯವಾದ ಪ್ರಶ್ನೆ ಅಲ್ವಾ? ಅದಕ್ಕೇ ಕೊಂಡಿದ್ದನ್ನು ಕಿತ್ತುಕೊಳ್ಳಬೇಡಿ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾಯಿತಲ್ಲ, ಅಂಥ ತಿದ್ದುಪಡಿ ಎಲ್ಲರಿಗೂ ಉಚಿತವಾಗಿರಲಿ. ಸ್ಟಾಕ್ ಲೆಕ್ಕದಂಥ ಹೊಸ ಸೌಲಭ್ಯಕ್ಕೆ ಮಾತ್ರ ಬೆಲೆ ಇಡಿ.

ಆಪ್ ಸ್ಟೋರ್‌ನಲ್ಲಿ ಹಳಬರಿಗೆ ಅಪ್‌ಗ್ರೇಡ್ ದರ ಅನ್ನುವ ನೇರ ವ್ಯವಸ್ಥೆ ಇಲ್ಲ. ಬೇರೆ ಆಪ್ ಆಗಿ ಹಾಕಿದರೆ ರೇಟಿಂಗ್ ಸೊನ್ನೆಯಿಂದ ಶುರು, ನನಗದು ಇಷ್ಟವಿಲ್ಲ. ಅದೇ ಆಪ್‌ನಲ್ಲಿ ಇನ್-ಆಪ್ ಖರೀದಿ (ಆಪ್ ಒಳಗೇ ದುಡ್ಡು ಕೊಟ್ಟು ಸೌಲಭ್ಯ ಕೊಳ್ಳುವುದು) ಇಡಿ, ಹಳಬರಿಗೊಂದು, ಹೊಸಬರಿಗೊಂದು ದರ. ಹಳಬರು ಯಾರೆಂದು ತಿಳಿಯಲು, ಗ್ರಾಹಕರು ಮೊದಲು ಕೊಂಡ ಆವೃತ್ತಿ ಆಪಲ್ ರಸೀದಿಯಲ್ಲೇ ಸಿಗುತ್ತದೆ. ಹುಷಾರು: ಐಫೋನ್‌ನಲ್ಲಿ ಅಲ್ಲಿರುವುದು ಗ್ರಾಹಕರಿಗೆ ಕಾಣುವ ಆವೃತ್ತಿ ಸಂಖ್ಯೆಯಲ್ಲ, ಬಿಲ್ಡ್ ನಂಬರ್ (ನಾವು ಒಳಗೆ ಕೊಡುವ ಸಂಖ್ಯೆ). ಸ್ಯಾಂಡ್‌ಬಾಕ್ಸ್‌ನಲ್ಲಂತೂ (ನಿಜವಾದ ದುಡ್ಡಿಲ್ಲದೆ ಖರೀದಿ ಪರೀಕ್ಷಿಸಲು ಆಪಲ್ ಕೊಡುವ ವ್ಯವಸ್ಥೆ) ಯಾವಾಗಲೂ 1.0 ಅಂತಲೇ ಬರುತ್ತದೆ. ಅದನ್ನು ನಂಬಿ ಪರೀಕ್ಷೆ ಮುಗಿಸಬೇಡಿ.

ಬೆಲೆ ಕಟ್ಟುವಾಗ ಆಪಲ್ ಕಮಿಷನ್ ಕಳೆದು ನೋಡಿ. ಸಣ್ಣ ಡೆವಲಪರ್‌ಗಳಿಗೆಂದು ಆಪಲ್ ಇಟ್ಟಿರುವ ಯೋಜನೆಗೆ (Small Business Program) ಅರ್ಜಿ ಹಾಕಿ ಸೇರಿದ್ದರೆ 15%, ಇಲ್ಲದಿದ್ದರೆ 30%.

ಹೋದ ತಿಂಗಳಷ್ಟೇ ಕೊಂಡವರಿಗೆ ಹೊಸದನ್ನು ಸುಮ್ನೆ ಕೊಟ್ಟುಬಿಡಿ. ಅವರ ಹತ್ತಿರ ಮತ್ತೆ ಕೈಚಾಚುವುದು ಸರಿಯಲ್ಲ.