ಕಾಣದ ಕ್ಲಿಪ್ ಆರಿಸುವ ಮೊದಲು ನಿಮ್ಮ ಹಲ್ಲನ್ನು ನೋಡಿಕೊಳ್ಳಿ

ನಮ್ಮೂರು ಪಾವಗಡದ ಹತ್ತಿರ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನೇ ಕುಡಿದು ಬೆಳೆದವರ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಗೆರೆ ಮೂಡುತ್ತವೆ. ನನಗೆ ಅದರ ಜೊತೆಗೆ ಮೇಲಿನ ಹಲ್ಲು ಉಬ್ಬು. ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕ ಮೇಲೆ, 27ನೇ ವಯಸ್ಸಿನಲ್ಲಿ, ಹಲ್ಲು ನೇರ ಮಾಡಲು ತುಮಕೂರಿನಲ್ಲಿ ಸೆರಾಮಿಕ್ ಕ್ಲಿಪ್ ಹಾಕಿಸಿಕೊಂಡೆ. ಅಂದರೆ ಲೋಹದ ಬದಲು ಪಿಂಗಾಣಿಯಂಥದ್ದರಿಂದ ಮಾಡಿದ, ಅಷ್ಟಾಗಿ ಕಾಣದ ಕ್ಲಿಪ್. 22 ತಿಂಗಳು ಇತ್ತು. ಈಗ ನನ್ನ ತಂಗಿ ಹಾಕಿಸಲು ಹೊರಟಿದ್ದಾಳೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಡಾಕ್ಟರ್. ಹಲ್ಲು ಸರಿಸುವ ವಿಷಯದಲ್ಲೇ ಎಂ.ಡಿ.ಎಸ್., ಅಂದರೆ ದಂತವೈದ್ಯರ ಸ್ನಾತಕೋತ್ತರ ಪದವಿ, ಮಾಡಿದವರು ಇರುತ್ತಾರೆ. ಆರ್ಥೊಡಾಂಟಿಸ್ಟ್ ಅನ್ನುತ್ತಾರೆ. ಅವರನ್ನೇ ಹುಡುಕಿ. ನಾನು ಮೊದಲು ಹೋದ ಒಂದು ಕಡೆ ಎಕ್ಸ್‌ರೇ ಇಲ್ಲ, ಹಲ್ಲಿನ ಅಚ್ಚು ಇಲ್ಲ, ಬಾಯಿ ನೋಡಿದ ಕೂಡಲೇ ‘ಆರು ತಿಂಗಳಲ್ಲಿ ಮುಗಿಸುತ್ತೇವೆ’ ಎಂದರು. ನಾನು ಎದ್ದು ಬಂದೆ. ಬೇರು ಹೇಗಿದೆ, ಮೂಳೆ ಹೇಗಿದೆ ಎಂದು ನೋಡದೆ ತಿಂಗಳ ಲೆಕ್ಕ ಹೇಳಲು ಬರುವುದಿಲ್ಲ.

ಈಗ ಬಣ್ಣದ ವಿಷಯ. ಇದನ್ನು ನನಗೆ ಮೊದಲು ಯಾರೂ ಹೇಳಿರಲಿಲ್ಲ. ಸೆರಾಮಿಕ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಎರಡೂ ಅಲ್ಯೂಮಿನಿಯಂ ಆಕ್ಸೈಡೇ. ಒಂದು, ಒಂದೇ ಹರಳಿನಿಂದ ಮಾಡಿದ್ದು, ಗಾಜಿನ ಹಾಗೆ ಪಾರದರ್ಶಕ. ಇದಕ್ಕೆ ಸಫೈರ್ ಅನ್ನುತ್ತಾರೆ. ಇನ್ನೊಂದು, ಸಣ್ಣ ಸಣ್ಣ ಹರಳುಗಳು ಬೆಸೆದದ್ದು, ಸ್ವಲ್ಪ ಹಾಲು ಬಣ್ಣ. ನನ್ನ ಕಂದು ಗೆರೆಯ ಹಲ್ಲಿನ ಮೇಲೆ ಹಾಲು ಬಣ್ಣದ್ದನ್ನು ಇಟ್ಟು ನೋಡಿದರೆ ಸೀಮೆಸುಣ್ಣದ ಚೂರು ಅಂಟಿಸಿದ ಹಾಗೆ ಎದ್ದು ಕಂಡಿತು. ಗಾಜಿನಂಥದ್ದು ಹಲ್ಲಿನ ಬಣ್ಣವನ್ನೇ ತೋರಿಸುತ್ತಿತ್ತು, ನಾನು ಅದನ್ನೇ ಆರಿಸಿದೆ. ನಿಮ್ಮ ಹಲ್ಲು ಬೆಳ್ಳಗಿದ್ದರೆ ಹಾಲು ಬಣ್ಣದ್ದೇ ಚೆನ್ನಾಗಿ ಹೊಂದಬಹುದು. ಕ್ಯಾಟಲಾಗ್ ನೋಡಿ ತೀರ್ಮಾನಿಸಬೇಡಿ. ಒಂದೊಂದು ಸ್ಯಾಂಪಲ್ ನಿಮ್ಮ ಹಲ್ಲಿನ ಮೇಲೆ ಹಿಡಿಯಲು ಕೇಳಿ. ಕುರ್ಚಿಯ ಲೈಟ್ ಆರಿಸಿ, ಕಿಟಕಿಯ ಬೆಳಕಿನಲ್ಲಿ ಕನ್ನಡಿ ನೋಡಿ.

ಫ್ಲೋರೈಡ್ ಊರಿನವರಾದರೆ ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಕ್ಲಿಪ್ ಅಂಟಿಸುವ ಮೊದಲು ಹಲ್ಲಿಗೆ ಆಸಿಡ್ ಜೆಲ್ ಹಚ್ಚಿ ಮೇಲ್ಮೈ ಒರಟು ಮಾಡುತ್ತಾರೆ. ಫ್ಲೋರೈಡ್ ಹಿಡಿದ ಹಲ್ಲಿನ ಹೊರಪದರಕ್ಕೆ ಆ ಆಸಿಡ್ ಸರಿಯಾಗಿ ತಾಗುವುದಿಲ್ಲ. ಹಾಗಾಗಿ ಅಂಟು ಬೇಗ ಬಿಡುತ್ತದೆ. ನನಗೆ ಮೊದಲ ತಿಂಗಳಲ್ಲೇ ಎರಡು ಕ್ಲಿಪ್ ಉದುರಿದವು. ಮತ್ತೆ ಅಂಟಿಸುವಾಗ ಡಾಕ್ಟರ್ ಜೆಲ್ ಅನ್ನು ಇನ್ನಷ್ಟು ಹೊತ್ತು ಬಿಟ್ಟರು. ಆಮೇಲೆ ನಿಂತವು.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಿಕೊಳ್ಳಿ. ಹಿಂದಿನ ಹಲ್ಲು ಕಚ್ಚಿ, ಕನ್ನಡಿ ಮುಂದೆ ತುಟಿ ಎತ್ತಿ ನೋಡಿ. ಕೆಳಗಿನ ಮುಂದಿನ ಹಲ್ಲು ಮೇಲಿನವುಗಳ ಹಿಂದೆ ಪೂರ್ತಿ ಮರೆಯಾಗುತ್ತಿವೆಯಾ? ಹಾಗಿದ್ದರೆ ಕೆಳಗೆ ಸೆರಾಮಿಕ್ ಹಠ ಮಾಡಬೇಡಿ. ಸೆರಾಮಿಕ್ ನಮ್ಮ ಹಲ್ಲಿನ ಹೊರಪದರವಾದ ಎನಾಮಲ್‌ಗಿಂತ ಗಟ್ಟಿ. ಕಚ್ಚಿದಾಗಲೆಲ್ಲ ಮೇಲಿನ ಹಲ್ಲು ಅದಕ್ಕೆ ಉಜ್ಜಿ ಸವೆಯುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ನಾನು ಮೇಲೆ ಸೆರಾಮಿಕ್, ಕೆಳಗೆ ಮೆಟಲ್ ಹಾಕಿಸಿದೆ. ಪಾಠ ಮಾಡುವಾಗ ಕೆಳಗಿನದು ತುಟಿ ಹಿಂದೆಯೇ ಇರುತ್ತಿತ್ತು. ದುಡ್ಡೂ ಉಳಿಯಿತು.

ಕ್ಲಿಪ್‌ಗಳ ಮೂಲಕ ಹಾದು ಹಲ್ಲನ್ನು ಸರಿಸುವುದು ತಂತಿ. ಸೆರಾಮಿಕ್‌ನಲ್ಲಿ ಅದು ಮೆಟಲ್‌ನಷ್ಟು ಸಲೀಸಾಗಿ ಜಾರುವುದಿಲ್ಲ. ತಂತಿ ಕೂರುವ ಸೀಳಿನ ಒಳಗೆ ಲೋಹದ ಪಟ್ಟಿ ಇರುವ ಬಗೆ ಸಿಗುತ್ತದೆ, ನಿಮ್ಮ ಹಲ್ಲು ತುಂಬ ದೂರ ಸರಿಯಬೇಕಿದ್ದರೆ ಅದನ್ನು ಕೇಳಿ. ಬಿಳಿ ಬಣ್ಣ ಬಳಿದ ತಂತಿಗೆ ಜಾಸ್ತಿ ದುಡ್ಡು ಕೊಡಬೇಡಿ, ಹಲ್ಲುಜ್ಜಿ ಉಜ್ಜಿ ಬಣ್ಣ ಏಳುತ್ತದೆ.

ಅರಿಶಿನದ ಕಥೆ ಎಲ್ಲರಿಗೂ ಬೇಕು ಅಲ್ವಾ? ಕ್ಲಿಪ್‌ಗೆ ಅರಿಶಿನ ಹಿಡಿಯುವುದು ಕಡಿಮೆ. ಹಿಡಿಯುವುದು ತಂತಿ ಕಟ್ಟುವ ಪುಟ್ಟ ರಬ್ಬರ್‌ಗೆ. ಒಂದು ಹೊತ್ತು ಚಿತ್ರಾನ್ನ ತಿಂದರೂ ಸಾಕು. ಪಾರದರ್ಶಕ ರಬ್ಬರ್ ಎಲ್ಲಕ್ಕಿಂತ ಬೇಗ ಹಳದಿಯಾಗುತ್ತದೆ. ನಾನು ಎರಡನೇ ಸಲದಿಂದ ತಿಳಿ ಬೂದು ಬಣ್ಣ ಕೇಳಿದೆ, ಕಲೆ ಅಷ್ಟು ಕಾಣಲಿಲ್ಲ. ಹೇಗೂ ನಾಲ್ಕಾರು ವಾರಕ್ಕೊಮ್ಮೆ ಬದಲಾಯಿಸುತ್ತಾರೆ. ಮನೆಯಲ್ಲಿ ಮದುವೆ ಇದ್ದರೆ ಹಿಂದಿನ ದಿನಕ್ಕೆ ಸಮಯ ತೆಗೆದುಕೊಳ್ಳಿ. ರಬ್ಬರೇ ಬೇಡದ, ತಂತಿಗೆ ಪುಟ್ಟ ಬಾಗಿಲು ಇರುವ ಸೆರಾಮಿಕ್ ಕೂಡ ಇದೆ, ಬೆಲೆ ಜಾಸ್ತಿ. ಸಾರು ಬಿಟ್ಟು ಬದುಕಲು ಆಗದ ಮನೆಯವರಿಗೆ ಆ ಬೆಲೆ ದಂಡವಲ್ಲ ಎಂದು ನನಗೆ ಅನಿಸುತ್ತದೆ.

ಊಟದಲ್ಲಿ ನಮ್ಮ ಮುದ್ದೆ ದೇವರು ಕೊಟ್ಟ ವರ. ತಂತಿ ಬಿಗಿ ಮಾಡಿದ ಮೂರು ದಿನ ಅಮ್ಮ ಸೊಪ್ಪಿನ ಸಾರಿನಲ್ಲಿ ಮುದ್ದೆ ಅದ್ದಿ ಕೊಡುತ್ತಿದ್ದಳು. ಅಗಿಯುವ ಕೆಲಸವೇ ಇಲ್ಲ. ಆದರೆ ಸಂಕ್ರಾಂತಿಗೆ ಕಬ್ಬಿನ ಜಲ್ಲೆ ಕಚ್ಚಿ ಒಂದು ಕ್ಲಿಪ್‌ನ ರೆಕ್ಕೆ ಮುರಿದುಕೊಂಡೆ. ಸೆರಾಮಿಕ್ ಬಗ್ಗುವುದಿಲ್ಲ, ಚೂರಾಗುತ್ತದೆ. ಕಬ್ಬು, ಕೊಬ್ಬರಿ ಚೂರು, ಸಕ್ಕರೆ ಅಚ್ಚು, ಕೋಡುಬಳೆ ಬೇಡ. ಕಡಲೆಬೀಜ ಬೇಕೇ ಬೇಕಾದರೆ ಚಟ್ನಿ ಮಾಡಿ ತಿನ್ನಿ. ಮುರಿದರೆ ಮತ್ತೆ ಹಾಕಲು ಎಷ್ಟು ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ.

ಕ್ಲಿಪ್ ತೆಗೆಯುವ ದಿನ ಕಣ್ಣಿಗೆ ಕನ್ನಡಕ ಕೇಳಿ. ತೆಗೆಯುವಾಗ ಒಡೆದ ಚೂರು ಸಿಡಿಯಬಹುದು. ಆಮೇಲೆ ರಿಟೇನರ್ ಕೊಡುತ್ತಾರೆ, ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ, ಹಾಕಿ ತೆಗೆಯುವ ಸಾಧನ ಅದು. ಅದನ್ನು ಹಾಕದಿದ್ದರೆ ಹಲ್ಲು ಹಳೆಯ ಜಾಗಕ್ಕೆ ಹೊರಡುತ್ತದೆ. ಅದರ ಡಬ್ಬಿ ಯಾವಾಗಲೂ ಬ್ಯಾಗಿನಲ್ಲಿರಲಿ. ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟರೆ, ಅದು ಎಂಜಲೆಲೆಯ ಜೊತೆಗೇ ಹೋಗುತ್ತದೆ.